ಬಂಗಲೆ ಖಾಲಿ, ಲೈನು ತುಂಬಿದೆ



ಕೆ.ಜಿ.ಎಫ್.ಗೆ ಹೋದವರು ಎರಡು ಥರದ ಮನೆ ನೋಡಿರ್ತೀರಿ. ಒಂದು, ಬಿಳಿ ದೊರೆಗಳ ಬಂಗಲೆ. ಇನ್ನೊಂದು, ನೆಲದೊಳಕ್ಕೆ ಮೂರು ಕಿಲೋಮೀಟರ್ ಇಳಿದು ಚಿನ್ನ ಅಗೆದವರ ಲೈನು ಮನೆ. ಹಾಗೆ ಇಳಿದವರಲ್ಲಿ ಬಹುಪಾಲು ತಮಿಳು ಸೀಮೆಯಿಂದ ಬಂದ ದಲಿತರು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 1956ರಲ್ಲಿ ಮೈಸೂರು ಸರ್ಕಾರ ಗಣಿ ವಹಿಸಿಕೊಂಡಿತು, ಆಮೇಲೆ ದೆಲ್ಲಿಯವರು ತಗೊಂಡರು. ದೊರೆ ಬದಲಾದ, ಲೈನು ಬದಲಾಗಲಿಲ್ಲ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಎಷ್ಟೋ ಬಂಗಲೆಗಳು ಖಾಲಿ ಬಿದ್ದು ಹಂಚು ಬಾಗಿಲು ಕಳಕೊಂಡವು. ಲೈನಿನಲ್ಲಿ ಮಾತ್ರ ಅಪ್ಪ, ಮಗ, ಸೊಸೆ, ಮೊಮ್ಮಕ್ಕಳು. ಕತ್ತಲಲ್ಲೇ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋದವರು ರಾತ್ರಿ ಬಂದು ಅಲ್ಲೇ ಮುದುಡಿಕೊಳ್ಳಬೇಕು.

ಪಾಳು ಕಟ್ಟಡದ ವಿಷಯಕ್ಕೆ ನಗರಸಭೆ ಏನು ಮಾಡುತ್ತೆ? ಅದರ ಕೈಲಿರೋದು 1964ರ ಪುರಸಭೆಗಳ ಕಾಯ್ದೆ. ಅದರ ದೊಡ್ಡ ಭಯ, ಗೋಡೆ ದಾರಿಹೋಕನ ಮೇಲೆ ಬಿದ್ದೀತು ಅಂತ. ಮಾಲೀಕನಿಗೆ ನೋಟೀಸು. ಆತ ರಿಪೇರಿ ಮಾಡಿಸದಿದ್ದರೆ ತಾನೇ ಕೆಡವಿ ಖರ್ಚು ವಸೂಲಿ. ಕೆಡವೋದಕ್ಕೆ ಇಷ್ಟು ದಾರಿ ಇದೆ. ಆ ಸೂರಿನಡಿ ಮನೆಯಿಲ್ಲದವನನ್ನು ಇರಿಸೋದಕ್ಕೆ? ಬಡವ ತಾನಾಗಿ ಒಳಗೆ ಕಾಲಿಟ್ಟರೆ ಅದರ ಹೆಸರು ಒತ್ತುವರಿ!

ಜಾನ್ ಟೇಲರನ ನಾಡಿನ ಮಾತು ಕೇಳಿ. ಇಂಗ್ಲೆಂಡಿನಲ್ಲಿ 2004ರ ವಸತಿ ಕಾಯ್ದೆ ಇದೆ. ಖಾಸಗಿಯವನು ಬಹುಕಾಲ ಖಾಲಿ ಬಿಟ್ಟ ಮನೆಯನ್ನು ಊರಿನ ಕೌನ್ಸಿಲ್ಲು ನ್ಯಾಯಮಂಡಳಿಯ ಒಪ್ಪಿಗೆ ಪಡೆದು ವಶಕ್ಕೆ ತಗೊಂಡು, ದುರಸ್ತಿ ಮಾಡಿಸಿ, ಬಾಡಿಗೆಗೆ ಕೊಡಬಹುದು. ಖರ್ಚು ಬಾಡಿಗೆಯಲ್ಲೇ ಮುರಕೊಳ್ಳುತ್ತೆ. ಮಾಲೀಕತ್ವ ಮಾಲೀಕನದೇ. ಅಲ್ಲೂ ಇದನ್ನು ಬಳಸೋದು ಅಪರೂಪ, ಸುಳ್ಳು ಯಾಕೆ ಹೇಳಲಿ. ಆದರೆ ಖಾಸಗಿ ಮನೆಗೇ ಅಲ್ಲಿ ಅಂಥ ದಾರಿ ಇದೆ. ನಮ್ಮಲ್ಲಿ ಗಣಿ ಕಂಪನಿ ಸರ್ಕಾರದ್ದೇ. ಸರ್ಕಾರ ತನ್ನ ಮನೆಯ ಬೀಗ ತೆಗೆಯೋಕೆ ಯಾರಪ್ಪನ ಅಪ್ಪಣೆ ಬೇಕು?

ಕೆ.ಜಿ.ಎಫ್. ಒಂದೇ ಅಲ್ಲ. ನಿಮ್ಮೂರಲ್ಲೂ ಮುಚ್ಚಿದ ಗೋದಾಮು, ಬಾವಲಿ ಸೇರಿದ ಕ್ವಾರ್ಟರ್ಸು, ಉದ್ಘಾಟನೆಯಾಗಿ ಬಾಗಿಲು ತೆರೆಯದ ಭವನ ಇರಬಹುದು. ಮುಂದಿನ ಸಭೆಗೆ ನಿಮ್ಮ ವಾರ್ಡಿನ ಸದಸ್ಯರಿಗೆ ಒಂದು ಅರ್ಜಿ ಬರೀರಿ: ಖಾಲಿ ಕಟ್ಟಡ ಎಷ್ಟು, ಯಾರವು, ಎಷ್ಟು ವರ್ಷದಿಂದ? ಅಂಥ ರಿಜಿಸ್ಟರೇ ಇಲ್ಲ ಅಂದರೆ ಭಾನುವಾರ ನಾವೇ ಬೀದಿಬೀದಿ ತಿರುಗಿ ಬರಕೊಳ್ಳೋಣ. ಒಂದು ನೋಟುಬುಕ್ಕು, ಒಂದು ತುಂಡು ಸೀಮೆಸುಣ್ಣ ತನ್ನಿ.