ವಿದ್ಯಾರ್ಥಿಗಳ ಕೈಗೆ ಯಾವ ಬೋರ್ಡು?

ಕನ್ನಡ ಪಂಡಿತನಾದವನು ವಿದ್ಯುನ್ಮಾನ ಉಪಕರಣಗಳ ಆಯ್ಕೆಯನ್ನು ಕುರಿತು ಲೇಖನಿಯನ್ನೆತ್ತುವುದು ಅಧಿಕಪ್ರಸಂಗವೆಂದು ಕೆಲವರಿಗಾದರೂ ತೋರಬಹುದು. ಶಬ್ದಮಣಿದರ್ಪಣವನ್ನು ಬಾಯಿಪಾಠ ಮಾಡಿ ಬೆಳೆದವನಿಗೆ ಬೆಸುಗೆಯ ಗೊಡವೆ ಏತಕ್ಕೆ? ಆದರೆ ನಮ್ಮ ಶಾಲೆಯ ಹವ್ಯಾಸಿ ವಿದ್ಯುನ್ಮಾನ ಕೂಟಕ್ಕೆ ನೆರವಾಗಲು ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಮುಂದೆ ಬಂದಿರುವ ಈ ಸಂದರ್ಭದಲ್ಲಿ, ಆ ಕೊಠಡಿಯ ಬೀಗದ ಕೈ ಅನೇಕ ವರ್ಷಗಳಿಂದ ನನ್ನ ಬಳಿಯೇ ಇರುವುದರಿಂದ, ಕಂಡ ಮಾತನ್ನು ಹೇಳದಿರುವುದು ಕರ್ತವ್ಯಚ್ಯುತಿಯಾದೀತು.

ಮೈಕ್ರೋಕಂಟ್ರೋಲರ್ ಎಂಬುದು ಒಂದೇ ಚಿಪ್ಪಿನೊಳಗೆ ಅಡಗಿದ ಪುಟ್ಟ ಗಣಕಯಂತ್ರ. (ಇದಕ್ಕೆ 'ಸೂಕ್ಷ್ಮನಿಯಂತ್ರಕ'ವೆಂದು ಹೆಸರಿಟ್ಟು ಒಂದು ವರ್ಷ ಕರೆದು ನೋಡಿದೆ, ಹುಡುಗರು ನಕ್ಕರು, ನಾನೂ ಬಿಟ್ಟೆ.) ಅದಕ್ಕೆ ವಿದ್ಯುತ್ತನ್ನೂ ಹೊರಗಿನ ಸಂಪರ್ಕವನ್ನೂ ಒದಗಿಸುವುದು ಬೋರ್ಡು. ನಾವು ಬರೆದ ಆದೇಶಗಳನ್ನು ಚಿಪ್ಪಿನ ಸ್ಮೃತಿಯಲ್ಲಿ ಅಚ್ಚೊತ್ತುವ ಸಾಧನವೇ ಪ್ರೋಗ್ರಾಮರ್. ಹಿಂದೆ ಈ ಅಚ್ಚೊತ್ತುವ ಕಾರ್ಯ ಓಲೆಗರಿಯ ಮೇಲೆ ಕಂಠದಿಂದ ಕೊರೆದಷ್ಟೇ ಪ್ರಯಾಸದ್ದಾಗಿತ್ತು. ಇಂಟೆಲ್ ಸಂಸ್ಥೆ 1980ರಲ್ಲಿ ಹೊರತಂದ, ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಹುಕಾಲ ಪಾಠವಾಗಿದ್ದ 8051ರ ಬಳಗದ ಕೆಲವು ಚಿಪ್ಪುಗಳಲ್ಲಿ ಬರೆದುದನ್ನು ಅಳಿಸಬೇಕಾದರೆ, ನೆತ್ತಿಯ ಮೇಲಿನ ಗಾಜಿನ ಕಿಟಕಿಯ ಮೂಲಕ ಅತಿನೇರಳೆ ಬೆಳಕನ್ನು ಹಲವು ನಿಮಿಷ ಹಾಯಿಸಬೇಕಿತ್ತು. ಇಂದಿನ ಚಿಪ್ಪುಗಳೋ ಸ್ಲೇಟಿನಂತೆ. ಸಾವಿರಾರು ಬಾರಿ ಬರೆದು ಒರಸಬಹುದು.

2005ರಲ್ಲಿ ಇಟಲಿಯ ಇವ್ರೇಯಾ ಪಟ್ಟಣದ ವಿನ್ಯಾಸಶಾಲೆಯೊಂದರಲ್ಲಿ ಹುಟ್ಟಿದ ಆರ್ಡುಯಿನೋ ಈ ವಿದ್ಯೆಯನ್ನು ಎಂಜಿನಿಯರರಲ್ಲದವರ ಕೈಗೂ ತಲುಪಿಸಿತು. ಅದರ 'ಊನೋ' ಎಂಬ ಬೋರ್ಡು 2010ರಲ್ಲಿ ಬಂದಿತು. ನಮ್ಮ ಕೂಟಕ್ಕೆ ಇದರ ಮೂರನೆಯ ಆವೃತ್ತಿಯನ್ನೇ, ಅದರಲ್ಲಿಯೂ 28 ಕಾಲಿನ ಚಿಪ್ಪನ್ನು ಕುಣಿಕೆಯಲ್ಲಿ ಕೂರಿಸಿರುವ ಮಾದರಿಯನ್ನೇ ಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಕಾರಣವನ್ನು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ವ್ಯಾಪಾರಿಯೊಬ್ಬರ ಮಾತನ್ನು ನಂಬಿ, ಚಿಪ್ಪನ್ನು ಬೋರ್ಡಿಗೇ ಬೆಸೆದಿದ್ದ ಕಿಟ್ಟುಗಳನ್ನು ತರಿಸಿದೆವು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ತೋಟದ ಮಣ್ಣಿನ ತೇವವನ್ನಳೆಯುವ ಸಾಧನವನ್ನು ಜೋಡಿಸುವಾಗ, 12 ವೋಲ್ಟಿನ ಬ್ಯಾಟರಿಯ ತಂತಿಯನ್ನು 5 ವೋಲ್ಟಿನ ಕಾಲಿಗೆ ತಗುಲಿಸಿಬಿಟ್ಟ. ಚಿಪ್ಪು ಸತ್ತಿತು. 'ಎಸೆದು ಹೊಸದನ್ನು ಕೊಳ್ಳಿ' ಎಂದರು ವ್ಯಾಪಾರಿ. ಹುಡುಗ ಎರಡು ವಾರ ಕೂಟದತ್ತ ಸುಳಿಯಲಿಲ್ಲ. ಅದಕ್ಕಿಂತ ದೊಡ್ಡ ಹಾನಿಯೆಂದರೆ, ಉಳಿದವರೂ ಕಿಟ್ಟನ್ನು ಮುಟ್ಟಲು ಅಂಜಿದರು. ಉಪಾಧ್ಯಾಯರಾದ ನಾವು ದಾನಿಗಳಿಗೆ ಲೆಕ್ಕ ಒಪ್ಪಿಸಬೇಕೆಂಬ ಭಯದಿಂದ ಅವನ್ನು ಬೀರುವಿನಲ್ಲಿಟ್ಟೆವು. ಬೀಗ ಹಾಕಿದವನು ನಾನೇ.

ಕುಣಿಕೆಯ ಚಿಪ್ಪಾದರೆ ಸ್ಕ್ರೂಡ್ರೈವರಿನಿಂದ ಮೆಲ್ಲನೆ ಮೀಟಿ ತೆಗೆದು ಬೇರೊಂದನ್ನು ಕೂರಿಸಬಹುದು. ಆದರೆ ಅಂಗಡಿಯಿಂದ ತಂದ ಬರಿಯ ಚಿಪ್ಪಿಗೆ ಯು.ಎಸ್.ಬಿ. ತಂತಿಯ ಮೂಲಕ ನಾವು ಕಳಿಸುವ ಬರೆಹವನ್ನು ಸ್ವೀಕರಿಸಲು ಬಾರದು. ಅದಕ್ಕೆ ಮೊದಲು ಬೂಟ್‌ಲೋಡರ್ ಎಂಬ, ಕೇವಲ 512 ಬೈಟುಗಳ ಕಿರುಬರೆಹವನ್ನು ತುಂಬಬೇಕು. ಇದು ಒಂದು ರೀತಿಯ ಅಕ್ಷರಾಭ್ಯಾಸ. ಈ ಅಕ್ಷರಾಭ್ಯಾಸವನ್ನು ಮಾಡಿಸುವ ಗುರುವೇ ಪ್ರೋಗ್ರಾಮರ್. ಆದುದರಿಂದ 'ಊನೋಗೆ ಪ್ರೋಗ್ರಾಮರ್ ಬೇಡ' ಎಂಬ ಮಾತು ಅರ್ಧಸತ್ಯ. ಯು.ಎಸ್.ಬಿ.ಆಸ್ಪ್ ಎಂಬ ಅಗ್ಗದ ಪ್ರೋಗ್ರಾಮರನ್ನು ಬೋರ್ಡಿನ ಮೇಲಿರುವ 6 ಪಿನ್ನುಗಳಿಗೆ ಸಿಕ್ಕಿಸಿದರೆ ಕೆಲಸವಾಯಿತು. ಅದೂ ಇಲ್ಲದಿದ್ದರೆ ಒಂದು ಊನೋವನ್ನೇ ಇನ್ನೊಂದಕ್ಕೆ ಪ್ರೋಗ್ರಾಮರ್ ಆಗಿ ನಿಲ್ಲಿಸಬಹುದು.

ನಮ್ಮ ಭೌತಶಾಸ್ತ್ರದ ಉಪಾಧ್ಯಾಯರು ಇದನ್ನೊಪ್ಪರು. 2021ರಲ್ಲಿ 4 ಡಾಲರಿಗೆ ಬಂದ ರಾಸ್ಪ್‌ಬೆರಿ ಪೈ ಪಿಕೋವೇ ಮೇಲೆಂಬುದು ಅವರ ವಾದ. ಊನೋದ ಕಾರ್ಯಸ್ಮೃತಿ 2 ಕಿಲೋಬೈಟ್, ಪಿಕೋದ್ದು 264. ಗುಂಡಿಯೊತ್ತಿ ತಂತಿ ಸಿಕ್ಕಿಸಿದರೆ ಅದು ಗಣಕದಲ್ಲಿ ಪೆನ್‌ಡ್ರೈವಿನಂತೆ ಕಾಣಿಸಿಕೊಳ್ಳುತ್ತದೆ. ಬರೆಹವನ್ನು ಅದರೊಳಗೆ ಎಳೆದು ಹಾಕಿದರೆ ಸಾಕು. ತಪ್ಪು ಬರೆಹದಿಂದ ಅದು ಕೆಟ್ಟುಹೋಗುವ ಅಂಜಿಕೆಯೂ ಇಲ್ಲವೆನ್ನಬಹುದು, ಏಕೆಂದರೆ ಅದರ ಅಕ್ಷರಾಭ್ಯಾಸ ಚಿಪ್ಪಿನೊಳಗೆ ಹುಟ್ಟುವಾಗಲೇ ಆಗಿರುತ್ತದೆ. ಇದೆಲ್ಲವೂ ನಿಜ; ಬೆಲೆಯ ಮಾತಿನಲ್ಲಿ ನಾನು ಸೋತೆನೆಂದೇ ಒಪ್ಪುತ್ತೇನೆ. ಅಗ್ಗದ ಪ್ರತಿರೂಪದ ಬೋರ್ಡುಗಳು ಸಿಗುವ ಈ ದಿನಗಳಲ್ಲಿ ಚಿಪ್ಪೊಂದನ್ನೇ ಬದಲಿಸುವುದರಿಂದ ಉಳಿಯುವ ಹಣವೂ ಹೆಚ್ಚಲ್ಲ. ಆದರೆ ನಮ್ಮ ಮಕ್ಕಳ ತಪ್ಪುಗಳು ಬರೆಹದಲ್ಲಿ ಆಗುವುದಕ್ಕಿಂತ ತಂತಿಯಲ್ಲಿಯೇ ಹೆಚ್ಚು. ಪಿಕೋದ ಕಾಲುಗಳು 3.3 ವೋಲ್ಟಿನವು, ನಮ್ಮಲ್ಲಿರುವ ಹಲವು ಸಂವೇದಕಗಳು 5 ವೋಲ್ಟಿನವು. ಮೊದಲ ವರ್ಷದ ಮಗುವಿಗೆ ಈ ಭೇದವನ್ನು ಹೇಳಬಹುದು, ನೆನಪಿರುತ್ತದೆಂದು ನಂಬಲಾಗದು. ಎರಡನೆಯ ವರ್ಷಕ್ಕೆ ಪಿಕೋ ಬರಲಿ; ವೈಫೈ ಬೇಕೆಂಬ ಹಿರಿಯ ವಿದ್ಯಾರ್ಥಿಗಳಿಗೆ ಇ.ಎಸ್.ಪಿ. 32 ಬರಲಿ. ಮೊದಲಿಗೆ ಮಾತ್ರ ಕೆಡಿಸಿ, ಕಿತ್ತು, ಮತ್ತೆ ಕೂರಿಸಬಲ್ಲ ಬೋರ್ಡೇ ಇರಲಿ.

ದಾನಿಗಳಲ್ಲಿ ಒಂದು ವಿಜ್ಞಾಪನೆ. ತಮ್ಮ ನಾಮಾಂಕಿತವಾದ ಸಿದ್ಧ ರೋಬೋಟುಗಳ ಪೆಟ್ಟಿಗೆಗಳನ್ನು ಕೊಡುವ ಬದಲು, ಹತ್ತು ಬೋರ್ಡುಗಳನ್ನೂ ಇಪ್ಪತ್ತು ಬಿಡಿ ಚಿಪ್ಪುಗಳನ್ನೂ ಎರಡು ಪ್ರೋಗ್ರಾಮರುಗಳನ್ನೂ ಕೊಡಿಸಿ. ಜೊತೆಗೆ ಮಲ್ಟಿಮೀಟರೂ ಒಂದು ಡಬ್ಬಿ 220 ಓಮಿನ ರೆಸಿಸ್ಟರುಗಳೂ ಇರಲಿ. ಊನೋದ ಒಂದು ಕಾಲಿನಿಂದ 20 ಮಿಲಿಆಂಪಿಯರಿಗಿಂತ ಹೆಚ್ಚು ವಿದ್ಯುತ್ತನ್ನು ಸೆಳೆಯಬಾರದು; ಕೆಂಪು ಎಲ್.ಇ.ಡಿ.ಗೆ ಈ ರೆಸಿಸ್ಟರನ್ನು ಜೋಡಿಸಿದರೆ ಸುಮಾರು 14ರಲ್ಲಿ ನಿಲ್ಲುತ್ತದೆ. ಇದು ಹುಡುಗರು ಬಾಯಲ್ಲೇ ಮಾಡುವ ಲೆಕ್ಕ. ಕೊಳ್ಳುವಾಗ ಚಿಪ್ಪು ಕುಣಿಕೆಯಲ್ಲಿದೆಯೇ ಎಂದು ಕಣ್ಣಾರೆ ನೋಡಿ ಕೊಳ್ಳಬೇಕು. ಮೂರನೆಯ ಆವೃತ್ತಿಯಲ್ಲಿಯೇ ಬೆಸೆದ ಮಾದರಿಯೂ ಉಂಟು. 2023ರ ನಾಲ್ಕನೆಯ ಆವೃತ್ತಿಯಲ್ಲಂತೂ ಬೆಸೆದುದೇ. ಆರ್ಡುಯಿನೋದ ವಿನ್ಯಾಸ ಬಹಿರಂಗವಾದುದರಿಂದ ಪ್ರತಿರೂಪಗಳನ್ನು ಕೊಳ್ಳುವುದರಲ್ಲಿ ದೋಷವಿಲ್ಲ, ಮೂಲದ ಹೆಸರನ್ನು ಕದ್ದಿರಬಾರದಷ್ಟೆ.

ಒಂದು ಮಾತನ್ನು ಕನ್ನಡದವನಾಗಿ ಹೇಳಿಬಿಡುತ್ತೇನೆ. ಆದೇಶಗಳು ಇಂಗ್ಲಿಷಿನಲ್ಲಿಯೇ ಇರಬೇಕು. ಆದರೆ ಅವುಗಳ ಪಕ್ಕದಲ್ಲಿ ಬರೆಯುವ ಟಿಪ್ಪಣಿಗಳನ್ನು ಯಂತ್ರ ಓದುವುದಿಲ್ಲ, ಮನುಷ್ಯನೇ ಓದುತ್ತಾನೆ. ಅವನ್ನು ಕನ್ನಡದಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ. ನಮ್ಮ ಕೂಟದಲ್ಲಿ ಇದನ್ನು ಕಡ್ಡಾಯ ಮಾಡಿದ್ದೇನೆ, ಕಾಗುಣಿತದ ತಪ್ಪುಗಳನ್ನೂ ತಿದ್ದುತ್ತೇನೆ.

ಅಂದು ಹೆದರಿ ಹೋಗಿದ್ದ ಹುಡುಗ ಮರಳಿ ಬಂದ. ಎರವಲು ತಂದ ಊನೋವೊಂದನ್ನು ಅವನ ಮುಂದಿಟ್ಟು, ಚಿಪ್ಪನ್ನು ಅವನಿಂದಲೇ ಕೀಳಿಸಿ, ಬರಿಯ ಚಿಪ್ಪನ್ನು ಕೂರಿಸಿ, ಅಕ್ಷರಾಭ್ಯಾಸವನ್ನೂ ಅವನ ಕೈಯಿಂದಲೇ ಮಾಡಿಸಿದೆವು. ಮೊದಲ ಸಲ ಚಿಪ್ಪನ್ನು ತಿರುವುಮುರುವಾಗಿ ಕೂರಿಸಿದ್ದ. ತಾನೇ ಕಂಡುಕೊಂಡು ಸರಿಪಡಿಸಿದ. ಬೀರುವಿನ ಬೀಗದ ಕೈಯನ್ನು ಈಗ ಕೂಟದ ಮಕ್ಕಳೇ ಸರದಿಯಂತೆ ಇಟ್ಟುಕೊಳ್ಳುತ್ತಾರೆ. ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಶನಿವಾರ ಮಧ್ಯಾಹ್ನ ಬಂದರೆ ಮಕ್ಕಳ ಕೆಲಸವನ್ನು ನೋಡಬಹುದು.