ಲೆಕ್ಕಕ್ಕುಂಟು, ಪಾಠಕ್ಕಿಲ್ಲ



ದೇಶದಲ್ಲಿ ಕನ್ನಡಿಗರು ಎಷ್ಟು ಮಂದಿ ಎಂದು ಕೇಳಿದರೆ ನಾವೆಲ್ಲರೂ ಥಟ್ಟನೆ ಒಂದು ಅಂಕಿಯನ್ನು ಹೇಳಿಬಿಡುತ್ತೇವೆ: 2011ರ ಜನಗಣತಿಯಂತೆ 4 ಕೋಟಿ 37 ಲಕ್ಷ. ಮನವಿಪತ್ರಗಳಲ್ಲಿ ಬರೆಯುತ್ತೇವೆ, ಸಮ್ಮೇಳನಗಳ ವೇದಿಕೆಯಲ್ಲಿ ಘೋಷಿಸುತ್ತೇವೆ. ಆ ಮೊತ್ತದೊಳಗೆ ಯಾರು ಯಾರು ಸೇರಿದ್ದಾರೆ ಎಂದು ನೀವು ಎಂದಾದರೂ ಬಿಡಿಸಿ ನೋಡಿದ್ದೀರಾ? ಜನಗಣತಿ ಇಲಾಖೆಯ ಭಾಷಾ ಕೋಷ್ಟಕದಲ್ಲಿ 'ಕನ್ನಡ' ಎಂಬ ತಲೆಬರಹದ ಕೆಳಗೆ ಕೆಲವು ಮಾತೃಭಾಷೆಗಳ ಹೆಸರಿದೆ. ಅದರಲ್ಲಿ ಒಂದು ಬಡಗ. ಹಾಗೆಂದು ಬರೆಸಿದವರು ಸುಮಾರು 1 ಲಕ್ಷ 33 ಸಾವಿರ ಜನ. ಬಹುತೇಕ ಎಲ್ಲರೂ ನೀಲಗಿರಿಯವರು. ತಮಿಳುನಾಡಿನಲ್ಲಿ ಕನ್ನಡದವರೆಂದು ಲೆಕ್ಕಕ್ಕೆ ಸಿಕ್ಕಿದ ಹನ್ನೆರಡು ಲಕ್ಷ ಎಂಬತ್ತು ಸಾವಿರ ಚಿಲ್ಲರೆ ಜನರಲ್ಲಿ ಹತ್ತಕ್ಕೊಬ್ಬರು ಬಡಗರೇ ಆದಂತಾಯಿತು.

ಈಗ ಮಂಜೂರಿಗೆ ಬನ್ನಿ. ಉದಕಮಂಡಲದಿಂದ ನೈಋತ್ಯಕ್ಕೆ, ಕುಂದಾ ತಾಲೂಕಿನ ಕೇಂದ್ರವಾದ ಚಿಕ್ಕ ಪೇಟೆ. ಸುತ್ತ ಚಹಾ ತೋಟ, ನಡುನಡುವೆ ಬಡಗರ ಹಟ್ಟಿಗಳು. ಬಡಗರು ತಮ್ಮ ನಾಡನ್ನು ನಾಲ್ಕು ಸೀಮೆಗಳಾಗಿ ಎಣಿಸುತ್ತಾರೆ. ಅದರಲ್ಲಿ ಕುಂದೆ ಸೀಮೆ ಇದು. ಇಲ್ಲಿ ಬಡಗರಷ್ಟೇ ಇದ್ದಾರೆ ಎಂದುಕೊಳ್ಳಬೇಡಿ. ಕೋತರ ಊರೊಂದಿದೆ, ಇಳಿಜಾರಿನಲ್ಲಿ ಇರುಳರು, ಕುರುಂಬರು ಇದ್ದಾರೆ. 1950ರ ದಶಕದ ಉತ್ತರಾರ್ಧದಲ್ಲಿ ಕೆನಡಾದ ನೆರವಿನಿಂದ ಕುಂದಾ ಜಲವಿದ್ಯುತ್ ಯೋಜನೆ ಆರಂಭವಾದಾಗ ಬಯಲುಸೀಮೆಯಿಂದ ಕೂಲಿಗಳೂ ನೌಕರರೂ ಬಂದರು. 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದ ನಂತರ ಸಿಂಹಳದಿಂದ ಮರಳಿದ ತಮಿಳು ಕುಟುಂಬಗಳಲ್ಲಿ ಅನೇಕವು ನೀಲಗಿರಿಯ ತೋಟಗಳಲ್ಲಿ ನೆಲೆ ಕಂಡವು. ಮಲೆಯಾಳಿಗಳು ಮೊದಲಿನಿಂದಲೂ ಇದ್ದಾರೆ. ಪೇಟೆಬೀದಿಯಲ್ಲಿ ಕೇಳಿಬರುವುದು ತಮಿಳು. ಯಾರ ಮೇಲೂ ನಮಗೆ ದೂರಿಲ್ಲ. ದುಡಿದು ತಿನ್ನಲು ಬಂದವರು ತಮ್ಮ ಮಾತನ್ನು ತಂದೇ ತರುತ್ತಾರೆ.

ಹಟ್ಟಿಯೊಳಗೆ ಹೊಕ್ಕರೆ ಮಾತು ಬೇರೆ. ತಮಿಳಿನ 'ಪಾಲ್' ಅಲ್ಲಿ 'ಹಾಲು'. ಹಳಗನ್ನಡದ ಪಕಾರ ಹಕಾರವಾದ ಬದಲಾವಣೆಯನ್ನು ಈ ಮಾತೂ ಕಂಡಿದೆ. ಆದರೂ ಎಂ. ಬಿ. ಎಮಿನೋ ಅವರು 1939ರಲ್ಲಿ ವಿವರಿಸಿದ ನಾಲಗೆ ಮಡಿಸಿದ ಸ್ವರಗಳು ನಮ್ಮ ಇಂದಿನ ಕನ್ನಡದಲ್ಲಿಲ್ಲ. ಇದು ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂದು ವಿದ್ವಾಂಸರು ವಾದಿಸಲಿ. ಬಡಗರಲ್ಲಿ ಹೆಚ್ಚಿನವರು ಇದು ನಮ್ಮದೇ ಭಾಷೆ ಎನ್ನುತ್ತಾರೆ, ಹಾಗೆನ್ನುವ ಹಕ್ಕು ಅವರದು. ನನಗೆ ತಕರಾರಿರುವುದು ಬೇರೆ ಕಡೆ. ಸರಕಾರ ಇವರನ್ನು ಕನ್ನಡದ ಕಂಬಸಾಲಿನಲ್ಲಿ ಕೂಡಿಸುತ್ತದೆ, ಆದರೆ ಆ ಮನೆಯ ಮಗು ಮಂಜೂರಿನ ಶಾಲೆಗೆ ಹೋದರೆ ಅದಕ್ಕೆ ಸಿಗುವುದು ತಮಿಳು ಮಾಧ್ಯಮ ಅಥವಾ ಇಂಗ್ಲಿಷ್ ಮಾಧ್ಯಮ. ಕೂಡುವಾಗ ಕನ್ನಡ, ಕಲಿಸುವಾಗ ಕನ್ನಡವೂ ಇಲ್ಲ, ಬಡಗವೂ ಇಲ್ಲ. ಕೊಡವ ಮಾತೃಭಾಷೆಯೆಂದು ಬರೆಸಿದವರು 2011ರಲ್ಲಿ 1 ಲಕ್ಷ 13 ಸಾವಿರ ಚಿಲ್ಲರೆ. ಅದನ್ನು ಪ್ರತ್ಯೇಕ ಭಾಷೆಯಾಗಿ ಕೋಷ್ಟಕದಲ್ಲಿ ತೋರಿಸಲಾಗಿದೆ. ಅದಕ್ಕಿಂತ ದೊಡ್ಡ ಸಂಖ್ಯೆಯ ಬಡಗವನ್ನು ಮಾತ್ರ ಕನ್ನಡದ ಮಡಿಲಿಗೆ ಹಾಕಿದ್ದಾರೆ. ಆಗಲಿ, ಹಾಕಿದ ಮೇಲೆ ಮಡಿಲಿಗೆ ಬಂದ ಮಗುವಿನ ಪಾಲನ್ನಾದರೂ ಕೊಡಬೇಡವೇ?

ಈ ಪಾಲು ಯಾರ ದಯೆಯೂ ಅಲ್ಲ. 1949ರ ಆಗಸ್ಟ್‌ನಲ್ಲಿ ಪ್ರಾಂತಗಳ ಶಿಕ್ಷಣ ಸಚಿವರು ಸೇರಿ ಒಪ್ಪಿದ ಸೂತ್ರವಿದೆ: ಒಂದು ತರಗತಿಯಲ್ಲಿ 10 ಅಥವಾ ಒಟ್ಟು ಶಾಲೆಯಲ್ಲಿ 40 ಮಕ್ಕಳ ಮಾತೃಭಾಷೆ ಪ್ರಾದೇಶಿಕ ಭಾಷೆಗಿಂತ ಬೇರೆಯಾಗಿದ್ದರೆ ಆ ಭಾಷೆಯಲ್ಲಿ ಕಲಿಸಲು ಕನಿಷ್ಠ ಒಬ್ಬ ಶಿಕ್ಷಕನನ್ನು ನೇಮಿಸಬೇಕು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಕಲ್ಪಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಅದೇ ವರ್ಷದ ಕೇಂದ್ರದ ಜ್ಞಾಪನ ಪತ್ರ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಒಂದು ಪ್ರದೇಶದಲ್ಲಿ ಭಾಷಾ ಅಲ್ಪಸಂಖ್ಯಾತರು ಶೇಕಡ 15ರಿಂದ 20ರಷ್ಟಿದ್ದರೆ ಮುಖ್ಯ ಸರಕಾರಿ ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಹೊರಡಿಸುವುದು ಒಳಿತು ಎಂದಿತು. 2011ರಲ್ಲಿ ನೀಲಗಿರಿ ಜಿಲ್ಲೆಯ ಜನಸಂಖ್ಯೆ 7,35,394. ಬಡಗರನ್ನಷ್ಟೇ ಹಿಡಿದರೂ ಸರಿಸುಮಾರು ಆರರಲ್ಲಿ ಒಬ್ಬರು. ಕನ್ನಡವೆಂದೇ ಬರೆಸಿದವರನ್ನು ಸೇರಿಸಿದರೆ ಇನ್ನೂ ಹೆಚ್ಚು. ಲೆಕ್ಕವನ್ನು ನೀವೇ ಹಾಕಿ ನೋಡಿ.

ಹಿಂದೆ ಹೀಗಿರಲಿಲ್ಲ ಎಂಬುದನ್ನೂ ನೆನಪಿಸಿಕೊಳ್ಳಬೇಕು. 1846ರಲ್ಲಿ ಬಾಸೆಲ್ ಮಿಷನ್ ಕೇತಿಯಲ್ಲಿ ನೆಲೆಯೂರಿದಾಗ ಬಡಗರ ಮಕ್ಕಳಿಗೆ ಕಲಿಸಿದ್ದು ಕನ್ನಡದಲ್ಲಿ. 1890ರಲ್ಲಿ ಲೂಕನ ಸುವಾರ್ತೆ ಬಡಗದಲ್ಲಿ ಅಚ್ಚಾದಾಗ ಬಳಸಿದ ಲಿಪಿಯೂ ಕನ್ನಡ, ಅಚ್ಚಾದದ್ದು ಮಂಗಳೂರಿನಲ್ಲಿ. ಪರದೇಶದ ಪಾದ್ರಿಗಳಿಗೆ ಹೊಳೆದ ದಾರಿ ಸ್ವತಂತ್ರ ಭಾರತದ ಶಿಕ್ಷಣ ಇಲಾಖೆಗೆ ಹೊಳೆಯದೆ ಹೋದದ್ದನ್ನು ಏನೆನ್ನೋಣ!

ಇನ್ನು ಮನೆಗಳ ಮಾತು. ಜನಗಣತಿಯವರ ಪ್ರಕಾರ ಕುಟುಂಬವೆಂದರೆ ಒಟ್ಟಿಗೆ ವಾಸಿಸಿ ಒಂದೇ ಅಡಿಗೆಮನೆಯಲ್ಲಿ ಉಣ್ಣುವವರು. ರಕ್ತಸಂಬಂಧ ಬೇಕಾಗಿಲ್ಲ, ಒಲೆ ಒಂದಾದರೆ ಸಾಕು. ಬಡಗರಲ್ಲಿ ಮದುವೆಯಾದ ಮಗ ಬೇರೆ ಒಲೆ ಹೂಡುವುದು, ಕಿರಿಯವನು ಹೆತ್ತವರೊಡನೆ ಉಳಿಯುವುದು ಹಳೆಯ ವಾಡಿಕೆ. ಹೀಗಾಗಿ ಅವರ ಮನೆಗಳು ಮೊದಲಿನಿಂದಲೂ ಚಿಕ್ಕವು. ಪಾಲ್ ಹಾಕಿಂಗ್ಸ್ ಎಂಬ ಮಾನವಶಾಸ್ತ್ರಜ್ಞರು 1963ರಿಂದ 1990ರವರೆಗೆ ಕೆಲವು ಬಡಗ ಹಟ್ಟಿಗಳಲ್ಲಿ ಮನೆಮನೆ ಎಣಿಕೆ ನಡೆಸಿ, 1999ರಲ್ಲಿ ಅದನ್ನೇ ಒಂದು ಪುಸ್ತಕವಾಗಿ ಹೊರತಂದರು. ಹೆರಿಗೆಗಳು ಕಡಿಮೆಯಾಗುತ್ತ ಬಂದುದು ಅದರಲ್ಲಿದೆ. ಅದರ ಮೇಲೆ, 1990ರ ದಶಕದ ಕೊನೆಯಲ್ಲಿ ಹಸಿರು ಚಹಾ ಎಲೆಯ ಬೆಲೆ ಕುಸಿದಾಗ ಎಕರೆ, ಎರಡೆಕರೆಯ ಬೆಳೆಗಾರರ ಮಕ್ಕಳು ಕೊಯಮತ್ತೂರು, ಬೆಂಗಳೂರು, ಚೆನ್ನೈ ಎಂದು ಇಳಿದರು. 2001ರಲ್ಲಿ 7,62,141 ಇದ್ದ ಜಿಲ್ಲೆಯ ಜನಸಂಖ್ಯೆ ಹತ್ತು ವರ್ಷದಲ್ಲಿ ಇಪ್ಪತ್ತಾರು ಸಾವಿರಕ್ಕೂ ಹೆಚ್ಚು ಇಳಿಯಿತು. ತಮಿಳುನಾಡಿನಲ್ಲಿ ಬೇರಾವ ಜಿಲ್ಲೆಯೂ ಆ ದಶಕದಲ್ಲಿ ಹೀಗೆ ಕುಗ್ಗಲಿಲ್ಲ. ಹೆಣ್ಣುಮಕ್ಕಳ ಪ್ರಮಾಣ ಸಾವಿರ ಗಂಡಸರಿಗೆ 1,042. ಮನೆಯಲ್ಲಿ ಅಜ್ಜ ಅಜ್ಜಿ, ಬೀಗ ಹಾಕಿದ ಪಕ್ಕದ ಮನೆ, ಹಬ್ಬಕ್ಕೆ ಬರುವ ಮಗ ಸೊಸೆ: ಇದು ನೀವೇ ಕಾಣುವ ಚಿತ್ರ. ಇದರ ಪರಿಣಾಮ ಶಾಲೆಯ ಮೇಲೆ ನೇರವಾಗಿ ಬೀಳುತ್ತದೆ. 10 ಮತ್ತು 40ರ ಸೂತ್ರ ಇರುವುದು ಮಕ್ಕಳ ತಲೆಯೆಣಿಕೆಯ ಮೇಲೆ. ಮನೆಗಳು ಬರಿದಾಗುತ್ತಿರುವಾಗ, ಉಳಿದಿರುವ ಒಂದೊಂದು ಮಗುವನ್ನೂ ತಪ್ಪು ಭಾಷೆಯ ಕೆಳಗೆ ಬರೆಸಿದರೆ ಆ ಸಂಖ್ಯೆ ಎಂದೂ ತುಂಬುವುದಿಲ್ಲ.

ತಪ್ಪು ಬರೆಸುವುದು ಹೇಗೆ ನಡೆಯುತ್ತದೆ ಗೊತ್ತೇ? ಗಣತಿದಾರ ಬಾಗಿಲಲ್ಲಿ ನಿಂತು ತಮಿಳಿನಲ್ಲಿ ಕೇಳುತ್ತಾನೆ, ಮನೆಯ ಯಜಮಾನ ತಮಿಳಿನಲ್ಲೇ ಉತ್ತರಿಸುತ್ತಾನೆ, ಕಾಗದದಲ್ಲಿ ತಮಿಳು ಬಿದ್ದುಬಿಡುತ್ತದೆ. ಒಬ್ಬನಿಗೆ ಬರೆದದ್ದನ್ನು ಮನೆಮಂದಿಗೆಲ್ಲ ಇಳಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಗಣತಿದಾರರಿಗೆ ಕೊಡುವ ಸೂಚನಾ ಪುಸ್ತಕ ಹೇಳುವುದೇ ಬೇರೆ. ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯೊಡನೆ ಆಡಿದ ಭಾಷೆ. ಮನೆಯ ಎಲ್ಲರದೂ ಒಂದೇ ಆಗಿರಬೇಕಾಗಿಲ್ಲ. ಹೊರಗಿನಿಂದ ಬಂದ ಸೊಸೆಯದು ತಮಿಳಿರಬಹುದು, ಅತ್ತೆಯದು ಬಡಗ. ಇದು ಯಾವ ಭಾಷೆಯ ಉಪಭಾಷೆ ಎಂದು ತೀರ್ಮಾನಿಸುವುದು ಗಣತಿದಾರನ ಕೆಲಸವಲ್ಲ. ಹೇಳಿದ ಹೆಸರನ್ನು ಹೇಳಿದಂತೆಯೇ ಬರೆಯಬೇಕು. ಗುಂಪು ಮಾಡುವುದೆಲ್ಲ ಮೇಲಿನ ಕಚೇರಿಯಲ್ಲಿ ನಡೆಯುತ್ತದೆ: 2011ರಲ್ಲಿ ಜನ ಹೇಳಿದ 19,569 ಹೆಸರುಗಳನ್ನು ಜರಡಿ ಹಿಡಿದು 1,369 ಮಾತೃಭಾಷೆಗಳಾಗಿ, ಕೊನೆಗೆ 121 ಭಾಷೆಗಳಾಗಿ ಇಳಿಸಿದರು. ಬಾಗಿಲಲ್ಲಿ ತಮಿಳೆಂದು ಬಿದ್ದದ್ದನ್ನು ಯಾವ ಜರಡಿಯೂ ಮತ್ತೆ ಬಡಗ ಮಾಡಿಕೊಡುವುದಿಲ್ಲ.

ಸರಕಾರವನ್ನಷ್ಟೇ ಬೈದು ಕೂರುವುದು ಸುಲಭ. ನಮ್ಮವರ ಮಾತನ್ನೂ ಆಡಬೇಕು. ನಾವು, ಕನ್ನಡ ಮಾಧ್ಯಮ ಶಾಲೆಗಳ ಪರವಾಗಿ ದನಿಯೆತ್ತುವವರು, ಕಾಸರಗೋಡಿನ ಹೆಸರೆತ್ತುತ್ತೇವೆ, ತಾಳವಾಡಿ, ಹೊಸೂರು ಎನ್ನುತ್ತೇವೆ. ನ್ಯಾಯವೇ. ತಾಳವಾಡಿಯಲ್ಲಿ ಸರಕಾರಿ ಕನ್ನಡ ಶಾಲೆಗಳು ಉಳಿದಿರುವುದು ಅಲ್ಲಿನವರ ಹಟದಿಂದ. ಆದರೆ ನೀಲಗಿರಿಯ ಲಕ್ಷಕ್ಕೂ ಮಿಕ್ಕಿದ ಜನ ನಮಗೆ ಮೊತ್ತ ಹಿಗ್ಗಿಸಲು ಬೇಕು, ಅವರ ಮಕ್ಕಳಿಗೊಂದು ಬಾಲಬೋಧೆ ಬರೆಸಿಕೊಡಲು ಬೇಡ. ಬಡಗರೊಬ್ಬರು ನಮ್ಮದು ಬೇರೆ ಭಾಷೆ ಎಂದ ಕೂಡಲೇ ನಮ್ಮಲ್ಲಿ ಕೆಲವರಿಗೆ ಮುನಿಸು ಬರುತ್ತದೆ. ಅಪ್ಪಿಕೊಳ್ಳಲು ಹೋಗಿ ನುಂಗಲು ಹೊರಟರೆ ಯಾರು ತಾನೆ ಹತ್ತಿರ ಬಂದಾರು? ಮೊದಲೆರಡು ತರಗತಿಗೆ ಬಡಗದಲ್ಲೇ ಓದು, ಲಿಪಿ ಯಾವುದೆಂದು ಅವರೇ ನಿರ್ಧರಿಸಲಿ, ಮುಂದೆ ಬೇಕೆಂದವರಿಗೆ ಕನ್ನಡ ಒಂದು ವಿಷಯವಾಗಿ ಸಿಗಲಿ. ಇಷ್ಟನ್ನು ಕೇಳಲು ನಾವು ಅವರ ಜೊತೆ ನಿಂತರೆ ಸಾಕು.

ತಮಿಳು ಕಲಿಯಬಾರದೆಂದು ಯಾರೂ ಹೇಳುತ್ತಿಲ್ಲ. ತಮಿಳುನಾಡಿನಲ್ಲಿ ಬಾಳುವವರಿಗೆ ತಮಿಳು ಬೇಕು, ಮಂಜೂರಿನವರಿಗೆ ಅದು ಬಂದೂ ಇದೆ. ಆದರೆ 2006ರ ತಮಿಳು ಕಲಿಕಾ ಕಾಯಿದೆ ಒಂದನೆಯ ತರಗತಿಯಿಂದ ಮೇಲೇರಿ ಹತ್ತನೆಯ ತರಗತಿಗೆ ಬಂದು ಮುಟ್ಟಿದಾಗ ಭಾಷಾ ಅಲ್ಪಸಂಖ್ಯಾತ ಮಕ್ಕಳು ಪರೀಕ್ಷೆಯ ವಿನಾಯಿತಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ವಿನಾಯಿತಿಯನ್ನು ಒಂದು ವರ್ಷಕ್ಕೆ ಮುಂದುವರಿಸಿತು. ವರ್ಷ ವರ್ಷ ಬೇಡಿ ಪಡೆಯುವ ಹಕ್ಕು ಎಂಥ ಹಕ್ಕು? ಅಲ್ಲಿ ನಿಂತು ವಾದಿಸಲೂ ಸಂಖ್ಯೆ ಬೇಕು, ದಾಖಲೆ ಬೇಕು.

2021ರಲ್ಲಿ ಆಗಬೇಕಿದ್ದ ಜನಗಣತಿ ನಡೆಯಲಿಲ್ಲ. 2027ರ ಮಾರ್ಚ್ 1ನ್ನು ಗಣನೆಯ ದಿನವೆಂದು 2025ರ ಜೂನ್ 16ರಂದು ಅಧಿಸೂಚನೆ ಹೊರಟಿತು. ಈ ಸಲ ಕಾಗದದ ಬದಲು ಮೊಬೈಲ್. ಮನೆಯವರೇ ತುಂಬುವ ಅವಕಾಶವನ್ನೂ ಪ್ರಕಟಿಸಿದ್ದಾರೆ. ನಿಮ್ಮ ಮನೆಯ ಪ್ರತಿಯೊಬ್ಬರ ಹೆಸರಿನ ಮುಂದೆ ಮಾತೃಭಾಷೆಯ ಜಾಗದಲ್ಲಿ ಏನಿದೆ ಎಂದು ಓದಿ ಹೇಳಿಸಿಕೊಳ್ಳಿ. ಬಡಗವಾದರೆ ಬಡಗ, ಕನ್ನಡವಾದರೆ ಕನ್ನಡ, ತಮಿಳಾದರೆ ತಮಿಳು. ಬಲ್ಲ ಇತರ ಎರಡು ಭಾಷೆಗಳಿಗೆ ಬೇರೆ ಜಾಗವಿರುವುದು ರೂಢಿ. ತಮಿಳು ಅಲ್ಲಿ ಬರಲಿ. ಓದು, ಕೆಲಸಕ್ಕೆಂದು ಹೊರಗಿರುವ ಮಕ್ಕಳಿಗೂ ಪತ್ರ ಬರೆದು ತಿಳಿಸಿ. ಅವರು ಎಣಿಕೆಯಾಗುವುದು ಅವರಿರುವ ಊರಿನಲ್ಲಿ.

ಜನಗಣತಿಗೆ ಕಾಯದೆ ಮಾಡಬಹುದಾದ ಕೆಲಸವೂ ಒಂದಿದೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಗುವಿನ ಮಾತೃಭಾಷೆ ಏನೆಂದು ಬರೆದಿದ್ದಾರೆ ನೋಡಿ ಬನ್ನಿ. ಶಾಲಾ ವರ್ಷ ಶುರುವಾಗುವ ಮೊದಲೇ ಭಾಷಾ ಅಲ್ಪಸಂಖ್ಯಾತ ಮಕ್ಕಳ ಹೆಸರುಗಳನ್ನು ಮುಂಗಡವಾಗಿ ನೋಂದಾಯಿಸಿಕೊಳ್ಳಬೇಕೆಂಬುದು 1961ರ ಮುಖ್ಯಮಂತ್ರಿಗಳ ಸಮ್ಮೇಳನದ ನಂತರ ಬಂದ ಏರ್ಪಾಡು. ಹತ್ತು ತಂದೆತಾಯಿ ಒಟ್ಟಾಗಿ ಹೋಗಿ ಮುಖ್ಯೋಪಾಧ್ಯಾಯರ ಕೈಗೆ ಅರ್ಜಿ ಕೊಡಿ, ನಕಲಿನ ಮೇಲೆ ಸಹಿ ಮತ್ತು ತಾರೀಖು ಹಾಕಿಸಿಕೊಳ್ಳಿ.