ಜಾಕೆಟ್ ತೆಗೆಯದ ಹುಡುಗಿ

ಮೂರು ವಾರ ನನ್ನ ಮಗಳು ಜಾಕೆಟ್ ತೆಗೀಲೇ ಇಲ್ಲ. ಕಿಟಾದ ಒಳಗೆ ಹೀಟರ್ ಉರೀತಿತ್ತು, ಉಳಿದ ಮಕ್ಕಳೆಲ್ಲ ತೆಳ್ಳನೆಯ ಅಂಗಿಯಲ್ಲಿ ಓಡಾಡುತ್ತಿದ್ದರು. ಇವಳೊಬ್ಬಳು ಬಾಗಿಲ ಹತ್ತಿರದ ಗಿಡ್ಡ ಬೆಂಚಿನ ಮೇಲೆ, ಜಿಪ್ ಕುತ್ತಿಗೆವರೆಗೆ ಎಳಕೊಂಡು, ಬೆನ್ನಿಗೆ ಚೀಲ ಹಾಕ್ಕೊಂಡು ಕೂತಿರೋಳು. ಸವದತ್ತಿ ಬಸ್ ಸ್ಟ್ಯಾಂಡಿನಲ್ಲಿ ಹೂಲಿ ಬಸ್ಸಿಗೆ ಕಾಯೋರು ಕೂತಿರ್ತಾರಲ್ಲ, ಹಾಗೆ.

ನಾವು ಫ್ರಾಂಕ್‌ಫರ್ಟಿಗೆ ಬಂದದ್ದು 2024ರ ಆಗಸ್ಟಿನಲ್ಲಿ. ಯಜಮಾನರ ಕಂಪನಿ ಕೆಲಸ, 18 ತಿಂಗಳು. ನಾನು ಬೆಂಗಳೂರಿನ ಆಫೀಸಿಗೆ ಸಂಬಳವಿಲ್ಲದ ರಜೆ ಬರೆದುಕೊಟ್ಟು ಬಂದೆ. ಮಗಳಿಗೆ ಆಗಷ್ಟೇ ಮೂರು ತುಂಬಿತ್ತು.

ಕಾಗದಪತ್ರದ ಕಥೆ ಇಲ್ಲಿಗೆ ಬಂದವರಿಗೆಲ್ಲ ಗೊತ್ತಿರೋದೇ. ಮನೆ ಹೊಕ್ಕ 2 ವಾರದೊಳಗೆ ವಿಳಾಸ ನೋಂದಣಿ ಆಗಬೇಕು, ಅದಕ್ಕೆ ಮನೆ ಮಾಲೀಕರ ಸಹಿ ಮಾಡಿದ ಚೀಟಿ ಬೇಕು. ಟಿವಿ ಇರಲಿ ಬಿಡಲಿ, ರೇಡಿಯೋ-ಟಿವಿ ಶುಲ್ಕ ಅಂತ ಮನೆಗೆ ತಿಂಗಳಿಗೆ 18.36 ಯೂರೋ ಕಟ್ಟಬೇಕು. ಅಂಚೆ ಡಬ್ಬಿ ಮೇಲೆ ಹೆಸರಿರದಿದ್ದರೆ ಪತ್ರ ಬರಲ್ಲ. ನಾವು "ಇದ್ದಷ್ಟು ದಿನಕ್ಕೆ ಸಾಕು" ಅಂತ ಚೀಟಿಯಲ್ಲಿ ಹೆಸರು ಬರೆದು ಸೆಲೋಟೇಪ್ ಹಚ್ಚಿದ್ವಿ. ಮಳೆಗೆ ಅದು ಕಿತ್ತುಹೋಗಿ, ಟ್ಯಾಕ್ಸ್ ನಂಬರ್ ಇದ್ದ ಪತ್ರ ವಾಪಸ್ ಹೋಯ್ತು. ತಪ್ಪು ನಮ್ಮದೇ.

ಚೆಂದ ಅನ್ನಿಸಿದ್ದು ಒಂದೇ ಸಂಗತಿ. ಕಿಟಾಕ್ಕೆ, ಅಂದ್ರೆ ನಮ್ಮ ಅಂಗನವಾಡಿ, ನರ್ಸರಿ ಎರಡೂ ಸೇರಿದಂಥ ಜಾಗಕ್ಕೆ, ಮಗು ಸೇರಬೇಕಾದರೆ ದಡಾರದ ಲಸಿಕೆ ಹಾಕಿಸಿದ್ದಕ್ಕೆ ಪುರಾವೆ ಬೇಕು. 2020ರ ಮಾರ್ಚಿನಿಂದ ಅದು ಇಲ್ಲಿ ಕಾನೂನು. ಕೊರೊನಾ ಕಾಲದ ವರ್ಕ್ ಫ್ರಮ್ ಹೋಮ್ ಪುಣ್ಯದಿಂದ ಇವಳು ಎರಡು ವರ್ಷ ಬೆಳೆದದ್ದೆಲ್ಲ ಹೂಲಿಯಲ್ಲಿ, ನಮ್ಮವ್ವನ ಮಡಿಲಲ್ಲಿ. ಹಾಗಾಗಿ ನನ್ನ ಹತ್ತಿರ ಇದ್ದದ್ದು ಕನ್ನಡದ ತಾಯಿ ಕಾರ್ಡು. ಆಶಾ ಕಾರ್ಯಕರ್ತೆ ನೀಲಿ ಪೆನ್ನಿನಲ್ಲಿ ಬರೆದ ದಿನಾಂಕಗಳನ್ನು ಇಲ್ಲಿನ ಡಾಕ್ಟರು ಬೆರಳಿಟ್ಟು ಓದಿ, ತಮ್ಮ ಹಳದಿ ಪುಸ್ತಕಕ್ಕೆ ಇಳಿಸಿಕೊಂಡರು. ಡೋಸ್ ಎರಡೂ ಆಗಿದ್ದವು.

ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಇಂಥ ಜಾಗದಲ್ಲಿ ಸೀಟಿನ ಹಕ್ಕಿದೆ ಅಂತ 2013ರಿಂದ ಕಾನೂನಿದೆ. ಹಕ್ಕು ಬೇರೆ, ಸೀಟು ಬೇರೆ. ನಮಗೆ ಸಿಕ್ಕಿದ್ದು ಅಕ್ಟೋಬರಿನಲ್ಲಿ.

ಸೀಟು ಸಿಕ್ಕ ದಿನವೇ ಬಿಟ್ಟು ಬರೋ ಹಾಗಿಲ್ಲ. ಐನ್‌ಗೆವೋನುಂಗ್ ಅಂತ ಒಂದಿದೆ, ರೂಢಿ ಮಾಡಿಸೋದು ಅಂತ ಅರ್ಥ. 1980ರ ದಶಕದಲ್ಲಿ ಬರ್ಲಿನ್ನಿನಲ್ಲಿ ಕಟ್ಟಿದ ಕ್ರಮ. ಮೊದಲ ಮೂರು ದಿನ ಅಪ್ಪನೋ ಅಮ್ಮನೋ ಅದೇ ಕೋಣೆಯ ಮೂಲೆಯಲ್ಲಿ ಸುಮ್ಮನೆ ಕೂತಿರಬೇಕು. ಮಗುವನ್ನು "ಹೋಗು, ಆಡು" ಅಂತ ದೂಡಬಾರದು, ತಡೀಲೂಬಾರದು. ನಾಲ್ಕನೇ ದಿನ ಕೆಲವು ನಿಮಿಷ ಹೊರಗೆ ಹೋಗಿ ಬರಬೇಕು. ಮಗು ಹೇಗೆ ತಗೊಳ್ತದೆ ನೋಡಿಕೊಂಡು ಮುಂದಿನ ಲೆಕ್ಕ. "ಬಿಟ್ಟು ಓಡಿ ಬಂದ್ಬಿಡಿ, ಅತ್ತು ಸುಮ್ಮನಾಗ್ತಾವು" ಅನ್ನೋ ನಮ್ಮ ಪದ್ಧತಿಯಲ್ಲೇ ಬೆಳೆದ ನನಗೆ ಇದು ಅತಿಯಾಯ್ತು ಅನ್ನಿಸಿತ್ತು. ಈಗ ಹಾಗನ್ನಿಸಲ್ಲ.

ಉಳಿದ ಮಕ್ಕಳದ್ದು ಎರಡು ವಾರಕ್ಕೆ ಮುಗೀತು. ನಮ್ಮದು ಮುಗೀಲಿಲ್ಲ. ಇವಳು ಅಳ್ತಿರಲಿಲ್ಲ, ಹಟ ಮಾಡ್ತಿರಲಿಲ್ಲ. ಬೆಂಚು, ಜಾಕೆಟ್, ಚೀಲ, ಅಷ್ಟೇ. ಒಂದಿನ ಅಲ್ಲಿನ ಅಕ್ಕೋರು ನನ್ನ ಪಕ್ಕ ಬಂದು ಕೂತು, ನಿಧಾನಕ್ಕೆ ಇಂಗ್ಲಿಷಿನಲ್ಲಿ ಕೇಳಿದರು: "ಮನೆಯಲ್ಲಿ ಅವಳಿಗೆ ಏನು ಹೇಳ್ತೀರಿ?"

ನಾನು ಹೇಳ್ತಿದ್ದದ್ದು ಒಂದೇ ಮಾತು. ಮಲಗುವಾಗ "ಆಯಿ ಹತ್ರ ಯಾವಾಗ ಹೋಗೂದು?" ಅಂತ ಕೇಳಿದಾಗಲೆಲ್ಲ, "ಇನ್ನ ಸ್ವಲ್ಪ ದಿನಾ ಅಷ್ಟ, ಹೋಗೂಣು" ಅನ್ನೋದು. ಸಮಾಧಾನ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ. ಅವಳು ನನ್ನ ಮಾತು ನಂಬಿ, ಹೊರಡೋಕೆ ತಯಾರಾಗಿ ಕೂತಿದ್ದಳು.

ಮನೆಗೆ ಬಂದು ಸುತ್ತ ನೋಡಿದೆ. ಎರಡು ಸೂಟ್‌ಕೇಸ್ ಹಜಾರದಲ್ಲೇ ನಿಂತಿದ್ದವು. ಬಟ್ಟೆ ಅದರಿಂದಲೇ ತೆಗೆದು ಅದಕ್ಕೇ ಮಡಚಿಡ್ತಿದ್ವಿ. ಗೋಡೆಗೆ ಒಂದು ಚಿತ್ರ ಇಲ್ಲ. ಹದಿನೆಂಟು ತಿಂಗಳಿಗೆ ಮಂಚ ಯಾಕೆ ಅಂತ ಇವಳಿಗೆ ನೆಲದ ಮೇಲೆ ಗಾದಿ.

ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅತ್ತೂಬಿಟ್ಟೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಅಲ್ಲವಾ, ಹದಿನೆಂಟ ತಿಂಗಳಾ ಅಂದ್ರ ಅದು ನಿನ್ನ ಲೆಕ್ಕ. ಕೂಸ ಹುಟ್ಟಿ ಮೂರ ವರ್ಷ ಆಗೇತಿ. ಅದಕ್ಕ ಅದು ಅರ್ಧಾ ಆಯುಷ್ಯ. ಯಲ್ಲಮ್ಮನ ಗುಡ್ಡಕ್ಕ ಮೂರ ದಿನಕ್ಕ ಬಂದೋರೂ ಮೂರ ಕಲ್ಲ ಹೂಡಿ ಒಲಿ ಮಾಡ್ತಾರ, ಚಕ್ಕಡಿಗಿ ಜೋಳಿಗಿ ಕಟ್ಟಿ ಕೂಸ ಮಲಗಸ್ತಾರ. ನೀ ಇನ್ನೂ ಪೆಟಗಿ ಬಿಚ್ಚಿಲ್ಲ?"

ಭರತ ಹುಣ್ಣಿಮೆಗೆ ಗುಡ್ಡದ ಹಾದಿ ತುಂಬ ನಿಂತ ಚಕ್ಕಡಿಗಳನ್ನು ನೋಡಿಕೊಂಡೇ ಬೆಳೆದವಳು ನಾನು. ನನಗೇ ಹೊಳೆದಿರಲಿಲ್ಲ.

ಅವತ್ತು ರಾತ್ರಿಯೇ ಸೂಟ್‌ಕೇಸ್ ಖಾಲಿ ಮಾಡಿ ನೆಲಮಾಳಿಗೆಗೆ ಹಾಕಿದ್ವಿ. ಶನಿವಾರ ಯಾರೋ ಬಳಸಿದ ಪುಟ್ಟ ಮಂಚ ಕೊಂಡು, ಟ್ರಾಮಿನಲ್ಲಿ ತುಂಡುತುಂಡಾಗಿ ಹೊತ್ತು ತಂದ್ವಿ. ಅಂಚೆ ಡಬ್ಬಿಗೆ ಸರಿಯಾದ ಪಟ್ಟಿ ಬಂತು. ಹೂಲಿಯ ಪಂಚಲಿಂಗೇಶ್ವರ ಗುಡಿ ಮುಂದೆ ಆಯಿ ಜೊತೆ ನಿಂತ ಫೋಟೋ ಮಂಚದ ಮೇಲಿನ ಗೋಡೆಗೆ. ಮುಖ್ಯವಾಗಿ, "ಸ್ವಲ್ಪ ದಿನಾ" ಅನ್ನೋದು ಬಿಟ್ಟೆ. ತಿಂಗಳು ವರ್ಷ ಅವಳಿಗೆ ತಿಳಿಯಲ್ಲ. "ಒಂದ ಲಾಟೀನ ಹಬ್ಬ, ಆಮ್ಯಾಲ ಚಳಿ, ಬ್ಯಾಸಗಿ, ಮತ್ತೊಂದ ಲಾಟೀನ ಹಬ್ಬ. ಅದರ ಮುಂದಿನ ಚಳಿಯೊಳಗ ಆಯಿ ಹತ್ರ" ಅಂದೆ. ಬಾಯಿ ಸೊಟ್ಟ ಮಾಡಿ ಅತ್ತಳು, ಬಹಳ ಹೊತ್ತು ಅತ್ತಳು. ಬಂದಾಗಿನಿಂದ ಅವಳು ಹಾಗೆ ಅತ್ತಿರಲೇ ಇಲ್ಲ.

ಮರುದಿನವೇ ಎಲ್ಲ ಸರಿಹೋಯ್ತು ಅಂತ ಹೇಳಿದ್ರೆ ಸುಳ್ಳಾಗ್ತದೆ. ಇನ್ನೂ ಹತ್ತು ದಿನ ಬೆಂಚು ಬಿಡಲಿಲ್ಲ. ಅಷ್ಟರಲ್ಲಿ ಅಕ್ಟೋಬರಿನ ಕೊನೇ ಭಾನುವಾರ ಬಂದು ಇಲ್ಲಿನ ಗಡಿಯಾರ ಒಂದು ತಾಸು ಹಿಂದೆ ಹೋಯ್ತು. ಹೂಲಿಗೂ ನಮಗೂ ಇದ್ದ ಮೂರೂವರೆ ತಾಸಿನ ಅಂತರ ನಾಲ್ಕೂವರೆ ಆಗಿ, ಆಯಿ ಜೊತೆಗಿನ ವಿಡಿಯೋ ಕಾಲ್ ಅವ್ವನ ಸೀರಿಯಲ್ ವೇಳೆಗೆ ಬಂತು. ಅವ್ವ ಸೀರಿಯಲ್ ಬಿಟ್ಟಳು. ಇದಕ್ಕಿಂತ ದೊಡ್ಡ ತ್ಯಾಗ ನಮ್ಮನೆಯಲ್ಲಿ ಯಾರೂ ಮಾಡಿಲ್ಲ.

ನವೆಂಬರ್ ಮೊದಲ ವಾರ ಅಕ್ಕೋರೇ ಹೇಳಿದ್ದು: ಕಾಗದದ ಲಾಟೀನಿಗೆ ಗೋಂದು ಹಚ್ಚುವಾಗ ತೋಳು ಅಂಟಂಟಾಯ್ತಂತೆ. ಇವಳು ತಾನೇ ಜಿಪ್ ಇಳಿಸಿ, ಆಮೆ ಚಿತ್ರ ಇದ್ದ ತನ್ನ ಹುಕ್ಕಿಗೆ ಜಾಕೆಟ್ ನೇತುಹಾಕಿ, ಮತ್ತೆ ಬಂದು ಗೋಂದು ಹಚ್ಚಿದಳಂತೆ. ಮಂಚದಿಂದ ಆಯ್ತೋ, ಅವತ್ತಿನ ಅಳುವಿನಿಂದ ಆಯ್ತೋ, ಬರೀ ಗೋಂದಿನಿಂದ ಆಯ್ತೋ, ನಾನು ಹೇಳಲಾರೆ.

ನವೆಂಬರ್ 11 ಸಂತ ಮಾರ್ಟಿನ್ ದಿನ. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲುಹೊದಿಕೆಯನ್ನೇ ಸೀಳಿ ಅರ್ಧ ಕೊಟ್ಟ ಸೈನಿಕನ ನೆನಪಿಗೆ ಮಕ್ಕಳು ಲಾಟೀನು ಹಿಡಿದು ಬೀದಿಯಲ್ಲಿ ಸಾಗ್ತಾರೆ. ಐದಕ್ಕೆಲ್ಲ ಕತ್ತಲು. ಇವಳು ಸಾಲಿನ ನಡುವೆ ಇದ್ದಳು, ನನ್ನ ಕೈ ಹಿಡೀಲಿಲ್ಲ.

ಈಗ ಬೇಸಿಗೆ. ನಮಗೆ ಉಳಿದದ್ದು ಇನ್ನೊಂದೇ ಲಾಟೀನು ಹಬ್ಬ. ಎರಡೂ ಲಾಟೀನು ಹೂಲಿಗೆ ಒಯ್ಯಬೇಕಂತೆ, ಒಂದು ಆಯಿಗೆ. ನಿನ್ನೆ ನೆಲಮಾಳಿಗೆಗೆ ಹೋಗಿ ಅಳತೆ ಮಾಡಿ ನೋಡಿದೆ. ಸೂಟ್‌ಕೇಸಿನಲ್ಲಿ ಹಿಡಿಯಲ್ಲ, ಕೈಯಲ್ಲೇ ಹಿಡ್ಕೊಂಡು ವಿಮಾನ ಹತ್ತಬೇಕು.